ಮಗನ ಹೆಸರಿಗೆ ಬರೆದ ಚೀಟಿ

ಕತ್ರಿಗುಪ್ಪೆಯ ರಾಮಯ್ಯನವರಿಗೆ ಅವರೆಕಾಳಿನ ಹುಳಿ ಉಂಡ ಮಾರನೇ ದಿನ ಎದೆ ಉರಿಯುತ್ತಿತ್ತು. ಪ್ರತಿ ಚಳಿಗಾಲದಲ್ಲೂ ಇದೇ ಪಾಡು. ಅವರು ಮಹಡಿಯ ಮನೆಯಿಂದ ಮೆಟ್ಟಿಲಿಳಿದು, ಕೆಳಗಿನ ಮಳಿಗೆಯಲ್ಲಿದ್ದ ಡಾಕ್ಟರ್ ಶಾಂತವೀರಪ್ಪನವರ ಕ್ಲಿನಿಕ್ಕಿಗೆ ಬಂದು, ಬೆಂಚಿನ ಮೇಲೆ ಕಾದು ಕೂತವರನ್ನೆಲ್ಲ ದಾಟಿ ಒಳಗೆ ಹೋಗಿ, "ಡಾಕ್ಟ್ರೇ, ಅದೇ" ಎನ್ನುತ್ತಿದ್ದರು. ಡಾಕ್ಟರು ನಕ್ಕು ಒಂದು ಮಾತ್ರೆ ಬರೆದು, ಮೂರು ದಿನ ಮಜ್ಜಿಗೆ ಅನ್ನ ಉಣ್ಣಲು ಹೇಳಿ ಕಳಿಸುತ್ತಿದ್ದರು.

ಆ ವರ್ಷ ಮಾತ್ರೆ ಬರೆಯುವ ಮೊದಲು ಡಾಕ್ಟರು ಇಸಿಜಿ ತೆಗೆದರು. ರಾಮಯ್ಯನವರಿಗೆ ಎಪ್ಪತ್ತೆರಡು ತುಂಬಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಕಾಗದದ ಮೇಲೆ ಒಂದೆರಡು ಕಡೆ ಗೆರೆ ಸ್ವಲ್ಪ ಚಪ್ಪಟೆಯಾಗಿತ್ತು. ಗಾಬರಿಪಡುವಂಥದ್ದಲ್ಲ, ಆದರೆ ತೀರ ಸರಿಯಾಗಿಯೂ ಇರಲಿಲ್ಲ.

"ಏನೂ ಇಲ್ಲ ಅನ್ಸುತ್ತೆ ರಾಮಯ್ಯ. ಆದ್ರೂ ಒಂದ್ಸಲ ಕೈಲಾಸನ ಹತ್ರ ತೋರಿಸಿಬಿಡಿ."

"ನೀವ್ ನೋಡಿದ್ರಲ್ಲ, ಸಾಕು ಬುಡಿ."

"ನಾನು ಬರೀ ಎಂಬಿಬಿಎಸ್. ಅವನು ಹಾರ್ಟಿಗೇ ಅಂತ ಓದಿರೋನು."

ಮಗನ ಬಗ್ಗೆ ಈ ಮಾತನ್ನು ಶಾಂತವೀರಪ್ಪನವರು ದಿನಕ್ಕೆ ಒಬ್ಬರಿಗಾದರೂ ಹೇಳುತ್ತಿದ್ದರು. ಹೇಳುವಾಗ ದನಿ ತಾನಾಗಿಯೇ ಸ್ವಲ್ಪ ಏರುತ್ತಿತ್ತು, ಹೊರಗೆ ಬೆಂಚಿನ ಮೇಲಿದ್ದವರಿಗೂ ಕೇಳಲಿ ಎನ್ನುವಂತೆ. ಪ್ಯಾಡಿನಿಂದ ಒಂದು ಚೀಟಿ ಹರಿದು, "ಚಿ. ಕೈಲಾಸ್‌ಗೆ, ರಾಮಯ್ಯ ಮಾಮ ಬರ್ತಿದ್ದಾರೆ, ಸ್ವಂತ ನಿಂತು ನೋಡು" ಎಂದು ಬರೆದುಕೊಟ್ಟರು.

"ಅವ್ನ ಹತ್ರ ಹೋಗಕ್ಕೆ ಚೀಟಿ ಬೇರೆ ಬೇಕಾ ನಂಗೆ?" ಎಂದು ರಾಮಯ್ಯನವರು ನಕ್ಕರು. "ನನ್ನ ಹೆಗಲ ಮೇಲೆ ಕೂತು ಬನಶಂಕರಿ ಗುಡಿ ನೋಡಿದ್ ಹುಡ್ಗ ಅದು."

ಅದು ನಿಜ. ಅರಸೀಕೆರೆ ಕಡೆಯಿಂದ ಬಂದು ಡಾಕ್ಟರಾದ ಶಾಂತವೀರಪ್ಪನವರು ಎಂಬತ್ತಮೂರರಲ್ಲಿ ಕತ್ರಿಗುಪ್ಪೆಯಲ್ಲಿ ಬೋರ್ಡು ಹಾಕಿದಾಗ ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿತ್ತು. ರಸ್ತೆ ಮಣ್ಣಿನದು. ಹೊಸ ಡಾಕ್ಟರನ್ನು ನಂಬಿ ಯಾರೂ ಬರದಿದ್ದ ದಿನಗಳಲ್ಲಿ ರಾಮಯ್ಯನವರೇ ತಮ್ಮ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, "ಇಲ್ಲೇ ಕೂತ್ಕಳಿ, ಬಾಡಿಗೆ ಆಮೇಲೆ ನೋಡುಮಾ" ಎಂದಿದ್ದರು. ಊರಿನವರಿಗೆ ತಾವೇ ಹೇಳಿ ಕಳಿಸಿದ್ದರು. ಕೈಲಾಸ್ ಹುಟ್ಟಿದಾಗ ಬಾಣಂತಿ ಶಿವಬಸಮ್ಮನಿಗೆ ಮೂರು ತಿಂಗಳು ಹಾಲು ಬಂದದ್ದು ಅವರ ಮನೆಯಿಂದ. ರಾಮಯ್ಯನವರ ಹೆಂಡತಿ ಗೌರಮ್ಮ ತನ್ನ ಮಗ ರವಿಕಿರಣನನ್ನು ಒಂದು ಕಂಕುಳಲ್ಲಿ, ಡಾಕ್ಟರ ಮಗನನ್ನು ಇನ್ನೊಂದು ಕಂಕುಳಲ್ಲಿ ಎತ್ತಿಕೊಂಡು ಓಡಾಡಿದವಳು. ಹೊಲಗಳು ಸೈಟುಗಳಾದವು, ಕೊಟ್ಟಿಗೆ ಹೋಗಿ ಮೂರಂತಸ್ತಿನ ಕಟ್ಟಡ ಬಂತು. ಕಟ್ಟಡದಲ್ಲಿ ಮೊದಲ ಮಳಿಗೆ ಡಾಕ್ಟರಿಗೇ ಎಂದು ರಾಮಯ್ಯನವರು ಪಾಯ ಹಾಕುವಾಗಲೇ ಹೇಳಿದ್ದರು.

ಶಾಂತವೀರಪ್ಪನವರು ಒಳ್ಳೆಯ ಡಾಕ್ಟರು. ಅದಕ್ಕಿಂತ ಒಳ್ಳೆಯ ಸಂಸಾರಸ್ಥರು ಎಂದು ಜನ ಹೇಳುತ್ತಿದ್ದರು. ರಾತ್ರಿ ಎಂಟಕ್ಕೆ ಕ್ಲಿನಿಕ್ಕಿನ ಬಾಗಿಲು ಹಾಕಿದರೆ ಎಂಟೂಕಾಲಿಗೆ ಶ್ರೀನಗರದ ಮನೆಯಲ್ಲಿ ಕೈಕಾಲು ತೊಳೆದು ಮಗನ ಪಕ್ಕ ಊಟಕ್ಕೆ ಕೂತಿರುತ್ತಿದ್ದರು. ಸ್ನೇಹಿತರು, ಕ್ಲಬ್ಬು, ಇಸ್ಪೀಟು ಯಾವುದೂ ಇರಲಿಲ್ಲ. ಕೈಲಾಸನಿಗೆ ಹತ್ತು ವರ್ಷದಲ್ಲಿ ಟೈಫಾಯ್ಡ್ ಆದಾಗ ಹನ್ನೊಂದು ದಿನ ಕ್ಲಿನಿಕ್ ಮುಚ್ಚಿ ಮಂಚದ ಪಕ್ಕ ಕೂತಿದ್ದರು. ಆ ಹನ್ನೊಂದು ದಿನದಲ್ಲಿ ಊರಿನ ಒಂದು ಹೆಂಗಸು ಡಾಕ್ಟರು ಸಿಗದೆ ಆಟೋದಲ್ಲೇ ತೀರಿಕೊಂಡಳು ಎಂಬ ಸುದ್ದಿ ಬಂದಾಗ ಅವರಿಗೆ ಬೇಸರವಾಯಿತು, ಆದರೆ ಪಶ್ಚಾತ್ತಾಪವಾಗಲಿಲ್ಲ. ಮಗ ಮೊದಲು. ಅದರಲ್ಲಿ ಅವರಿಗೆ ಯಾವತ್ತೂ ಅನುಮಾನವಿರಲಿಲ್ಲ. ತಮಗೆ ಆಗದ ಎಂಡಿ ಮಗನಿಗೆ ಆಗಲಿ ಎಂದು ಹೆಂಡತಿಯ ತವರಿನ ಜಮೀನು ಮಾರಿ ಸೀಟು ಕೊಡಿಸಿದರು. ಅದರ ಮೇಲೆ ಹೃದ್ರೋಗದಲ್ಲಿ ಡಿಎಂ ಮಾಡಿಸಿದರು. ಕೈಲಾಸ್ ರಿಂಗ್ ರಸ್ತೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೃದಯದ ಡಾಕ್ಟರಾಗಿ ಸೇರಿದ ದಿನ ಶಾಂತವೀರಪ್ಪನವರು ಕ್ಲಿನಿಕ್ಕಿಗೆ ಬಂದ ರೋಗಿಗಳಿಗೆಲ್ಲ ಮೈಸೂರು ಪಾಕು ಹಂಚಿದರು, ಸಕ್ಕರೆ ಕಾಯಿಲೆಯವರಿಗೂ.

ಅಲ್ಲಿಂದ ಆರು ವರ್ಷ ಎದೆ ನೋವು ಎಂದು ಬಂದ ಯಾರನ್ನೂ ಅವರು ಬೇರೆ ಕಡೆ ಕಳಿಸಿರಲಿಲ್ಲ.

ರಾಮಯ್ಯನವರು ಸೋಮವಾರ ಹೋದವರು ಗುರುವಾರ ಎರಡು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರು. ಎರಡು ರಕ್ತನಾಳ ಕಟ್ಟಿಕೊಂಡಿತ್ತಂತೆ, ಇನ್ನೊಂದು ವಾರ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತಂತೆ. ಗೌರಮ್ಮ ಹೋಳಿಗೆ ಮಾಡಿ ಡಾಕ್ಟರ ಮನೆಗೆ ಕಳಿಸಿದಳು. ಶಾಂತವೀರಪ್ಪನವರು, ತಾನು ಬರೀ ಗ್ಯಾಸು ಎಂದುಕೊಂಡಿದ್ದೆನಲ್ಲ, ಮಗನಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡರು.

ನಾಲ್ಕು ತಿಂಗಳಾದ ಮೇಲೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ರಾಮಯ್ಯನವರು ತಾರಸಿಯ ನೀರಿನ ಟ್ಯಾಂಕು ನೋಡಲು ಹತ್ತಿ ಇಳಿಯುವಾಗ ಜಾರಿ ಬಿದ್ದರು. ತಲೆಗೆ ಸಣ್ಣ ಪೆಟ್ಟು. ಎದ್ದು ಕೂತು ಕಾಫಿ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲಿತು, ಸಂಜೆಗೆ ಪ್ರಜ್ಞೆ ತಪ್ಪಿತು. ಮಿದುಳಿನೊಳಗೆ ರಕ್ತ ಸೋರಿತ್ತು. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ನುಂಗಲೇಬೇಕು. ಆ ಮಾತ್ರೆಗಳಿಂದಲೇ ಸೋರುವುದು ನಿಲ್ಲುತ್ತಿಲ್ಲ ಎಂದು ಹತ್ತಿರದ ನರ್ಸಿಂಗ್ ಹೋಮಿನವರು ಹೇಳಿದರು. ಮೂರನೇ ದಿನ ಜೀವ ಹೋಯಿತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ರವಿಕಿರಣ್ ಕ್ಲಿನಿಕ್ಕಿಗೆ ಬಂದ. ಹನುಮಂತನಗರದಲ್ಲಿ ಪೇಂಟು, ಹಾರ್ಡ್‌ವೇರಿನ ಅಂಗಡಿ ಇಟ್ಟುಕೊಂಡವನು, ಮಾತು ಕಮ್ಮಿ. ಬೋಳಿಸಿದ ತಲೆಗೆ ಟವೆಲ್ ಕಟ್ಟಿಕೊಂಡಿದ್ದ. ಒಂದು ಫೈಲನ್ನೂ ಸಿಡಿಯನ್ನೂ ಮೇಜಿನ ಮೇಲಿಟ್ಟ.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ. ಕೆಲಸಕ್ಕೆ ಬಾರದಿದ್ರೂ ಸ್ಟೆಂಟ್ ಹಾಕ್ತಾರೆ ಅಂತ ಜನ ಮಾತಾಡ್ತಾರೆ. ಅಪ್ಪಂಗೆ ಅದು ಬೇಕಿತ್ತಾ ಇಲ್ವಾ ಅಂತ ನಂಗೊಂದ್ ಗೊತ್ತಾಗ್ಬೇಕು. ಅದಿಲ್ದಿದ್ರೆ ಮಾತ್ರೆ ಇರ್ತಿರ್ಲಿಲ್ಲ, ಬಿದ್ರೂ ಬದುಕ್ತಿದ್ರು. ಅಷ್ಟೇ ನನ್ ತಲೇಲಿ ಕೊರೀತಿರೋದು."

"ರವಿ, ಕೈಲಾಸ ನಿಮ್ಮಪ್ಪಂಗೆ..."

"ಗೊತ್ತು ಡಾಕ್ಟ್ರೇ. ಅದಕ್ಕೇ ಬೇರೆ ಯಾರ ಹತ್ರನೂ ಹೋಗಿಲ್ಲ. ನೀವ್ ನೋಡಿ ಹೇಳಿ. ನೀವೇನ್ ಹೇಳಿದ್ರೂ ಅದೇ ಕೊನೆ."

ಶಾಂತವೀರಪ್ಪನವರಿಗೆ ಸಿಡಿಯಲ್ಲಿರುವುದನ್ನು ಓದಲು ಬರುತ್ತಿರಲಿಲ್ಲ. ಮಗನನ್ನೇ ಕೇಳಬಹುದಿತ್ತು. ಕೇಳದೆ ಯಾಕೆ ಜಯನಗರದ ಅನಂತಪದ್ಮನಾಭರ ಮನೆಗೆ ಹೋದರು ಎಂಬುದು ಅವರಿಗೇ ಆಮೇಲೆ ಹೊಳೆಯಲಿಲ್ಲ. ಅನಂತಪದ್ಮನಾಭ ಅವರ ಜೊತೆ ಓದಿದವರು, ಹೃದಯದ ಡಾಕ್ಟರಾಗಿ ನಿವೃತ್ತರಾದವರು. ಲ್ಯಾಪ್‌ಟಾಪಿಗೆ ಸಿಡಿ ಹಾಕಿ ಕನ್ನಡಕ ಮೇಲೆ ಸರಿಸಿ ನೋಡಿದರು. ಬೂದು ಬಣ್ಣದ ಪರದೆಯ ಮೇಲೆ ಕಪ್ಪು ನಾಳಗಳು ಬೇರಿನ ಹಾಗೆ ಮೂಡಿ ಮಾಯವಾಗುತ್ತಿದ್ದವು. ಎರಡು ಸಲ ನೋಡಿದರು. ಮೂರನೇ ಸಲ ಒಂದು ಕಡೆ ನಿಲ್ಲಿಸಿದರು.

"ಇದು ನಲವತ್ತು ಪರ್ಸೆಂಟು ಬ್ಲಾಕು. ಆ ಕಡೆಯದು ಮೂವತ್ತು. ಈ ವಯಸ್ಸಲ್ಲಿ ನಿನಗೂ ಇರುತ್ತೆ, ನನಗೂ ಇರುತ್ತೆ. ಮಾತ್ರೆ ಕೊಟ್ಟು ಮನೆಗೆ ಕಳಿಸೋ ಕೇಸು. ಇದಕ್ಕೆ ಯಾವ ಪುಣ್ಯಾತ್ಮ..." ಎನ್ನುತ್ತಿದ್ದವರ ಕಣ್ಣು ಪರದೆಯ ಮೂಲೆಯಲ್ಲಿದ್ದ ಆಸ್ಪತ್ರೆಯ ಹೆಸರಿನ ಮೇಲೆ ಬಿತ್ತು. ಲ್ಯಾಪ್‌ಟಾಪ್ ಮುಚ್ಚಿದರು. "ಯಾರು ಮಾಡಿದ್ದು ಅಂತ ನಾನು ಕೇಳಲ್ಲ. ನೀನು ಹೇಳಲೂಬೇಡ. ಕಾಫಿ ತಗೊಂಡು ಹೋಗು" ಎಂದರು.

ಶಾಂತವೀರಪ್ಪನವರು ಕಾಫಿ ಕುಡಿಯಲಿಲ್ಲ.

ಶ್ರೀನಗರದ ಮನೆಯಲ್ಲಿ ಕೆಳಗೆ ಶಾಂತವೀರಪ್ಪನವರು, ಶಿವಬಸಮ್ಮ; ಮೇಲೆ ಕೈಲಾಸ್, ಅವನ ಹೆಂಡತಿ ಪ್ರೇರಣಾ ಮತ್ತು ಶಾಲೆಗೆ ಹೋಗುವ ಮಗಳು. ಭಾನುವಾರ ಬೆಳಿಗ್ಗೆ ಎಲ್ಲರೂ ಕೆಳಗೇ ತಿಂಡಿ ತಿನ್ನುವುದು ಪದ್ಧತಿ. ಆ ಭಾನುವಾರ ಸೊಸೆ, ಮೊಮ್ಮಗಳು ತಿಂದು ಹೋಗುವವರೆಗೂ ಕಾದಿದ್ದು ಶಾಂತವೀರಪ್ಪನವರು ಬಾಯಿಬಿಟ್ಟರು.

"ರಾಮಯ್ಯನೋರಿಗೆ ಟ್ರೆಡ್‌ಮಿಲ್ ಮಾಡಿಸಿದ್ಯೇನಪ್ಪ, ಆಂಜಿಯೋಗೆ ಮುಂಚೆ?"

ಕೈಲಾಸ್ ಫೋನಿನಿಂದ ತಲೆಯೆತ್ತಿದ. "ಯಾಕೆ ಅಪ್ಪಾಜಿ ಈಗ?"

"ಮಾಡಿಸಿದ್ಯಾ?"

"ಡಯಾಬಿಟಿಕ್, ಎಪ್ಪತ್ತೆರಡು ವರ್ಷ, ಇಸಿಜಿ ಚೇಂಜಸ್ ಇತ್ತು. ನೇರವಾಗಿ ಆಂಜಿಯೋಗೆ ಹೋಗೋದು ತಪ್ಪೇನಲ್ಲ."

"ಸಿಡಿ ನೋಡಿದೆ. ನಲವತ್ತು ಪರ್ಸೆಂಟು."

"ನೀವು ನೋಡಿದ್ರಾ?" ಮಗನ ತುಟಿಯ ಮೇಲೆ ನಗೆಯಂಥದ್ದು ಬಂದು ಹೋಯಿತು. "ಯಾರಿಗೆ ತೋರಿಸಿದ್ರಿ?"

ಕೈಲಾಸ್ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತ. ದನಿ ತಗ್ಗಿಸಿ, ರೋಗಿಯ ಮನೆಯವರಿಗೆ ವಿವರಿಸುವ ಹಾಗೆ ಮಾತಾಡಿದ. "ನೋಡಿ ಅಪ್ಪಾಜಿ, ಕತ್ರಿಗುಪ್ಪೇಲಿ ಒಂದು ಮೇಜು ಹಾಕ್ಕೊಂಡು ಕೂತಂಗಲ್ಲ ಅದು. ಪ್ರತಿ ತಿಂಗಳು ಮೀಟಿಂಗ್ ಇರುತ್ತೆ. ಎಷ್ಟು ಪ್ರೊಸೀಜರ್ ಆಯ್ತು, ಯಾಕೆ ಕಮ್ಮಿ ಆಯ್ತು ಅಂತ ಪರದೆ ಮೇಲೆ ಹೆಸರು ಹಾಕಿ ಕೇಳ್ತಾರೆ. ಎರಡು ತಿಂಗಳು ಕಮ್ಮಿ ಆದ್ರೆ ನಮ್ಮ ಓಪಿಡಿ ರೋಗಿಗಳು ಬೇರೆಯವರಿಗೆ ಹೋಗ್ತಾರೆ. ಬಾರ್ಡರ್‌ಲೈನ್ ಕೇಸ್ ಬಂದಾಗ ಯಾವ ಕಡೆಗೆ ವಾಲ್ಬೇಕು ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು."

"ರಾಮಯ್ಯನೇ ಬೇಕಿತ್ತೇನೋ ನಿನಗೆ ವಾಲೋದಕ್ಕೆ?"

ಕೈಲಾಸ್ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಹೊರಗಿಂದ ಬಂದೋರು ಗೂಗಲ್ ಮಾಡ್ಕೊಂಡು ಬರ್ತಾರೆ. ಸೆಕೆಂಡ್ ಒಪಿನಿಯನ್‌ಗೆ ಹೋಗ್ತಾರೆ, ಜಗಳ ಆಡ್ತಾರೆ. ನಿಮ್ಮ ಚೀಟಿ ತಗೊಂಡು ಬಂದೋರು ಒಂದು ಪ್ರಶ್ನೆ ಕೇಳಲ್ಲ. ಸೈನ್ ಮಾಡು ಅಂದಲ್ಲಿ ಮಾಡ್ತಾರೆ."

ಆರು ವರ್ಷ ತಾವು ಚೀಟಿ ಬರೆದುಕೊಟ್ಟ ಮುಖಗಳು ಶಾಂತವೀರಪ್ಪನವರ ಕಣ್ಣ ಮುಂದೆ ಒಂದೊಂದೇ ಬಂದವು. ಹೂ ಮಾರುವ ಮುನಿವೆಂಕಟಮ್ಮ. ಬಸ್ ಕಂಡಕ್ಟರ್ ಬಸಪ್ಪ. ಬೇಗೂರಿನಿಂದ ಎರಡು ಬಸ್ಸು ಬದಲಾಯಿಸಿ ತಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದ ಪಿಳ್ಳಣ್ಣ. ಸ್ಟೆಂಟ್ ಹಾಕಿಸಿಕೊಂಡು ಬಂದು, ನಿಮ್ಮ ಮಗ ನಮ್ಮ ಜೀವ ಉಳಿಸಿದ ಎಂದು ಕಾಲು ಮುಟ್ಟಿದವರು.

"ಎಷ್ಟು ಜನಕ್ಕೆ ಹಿಂಗೆ ಮಾಡಿದೀಯ?"

"ಅಪ್ಪಾಜಿ, ನನ್ನನ್ನ ಕಳ್ಳನ ಥರ ನೋಡಬೇಡಿ. ಈ ಮನೆ ಮೇಲಿನ ಮಹಡಿ, ನಿಮ್ಮ ಮೊಮ್ಮಗಳ ಸ್ಕೂಲು, ಅಮ್ಮನ ಮಂಡಿ ಆಪರೇಷನ್ನು, ಎಲ್ಲ ಎಲ್ಲಿಂದ ಬಂತು ಅಂತ ಒಂದಿನ ಕೇಳಿದ್ರಾ? ಕೇಳ್ಬೇಕಿತ್ತು ಆವಾಗ."

ಅಡುಗೆಮನೆಯ ಬಾಗಿಲಲ್ಲಿ ಶಿವಬಸಮ್ಮ ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಕೈಲಾಸ್ ಮೇಲೆ ಹೋದ ಮೇಲೆ ಬಂದು ತಟ್ಟೆ ಎತ್ತಿಕೊಂಡು, "ರವಿಗೆ ಏನು ಹೇಳ್ತೀರಿ?" ಎಂದರು.

"ನಿಜ ಹೇಳ್ಬೇಕಲ್ಲ."

"ಹೇಳಿ. ಅವ್ರು ಪೊಲೀಸಿಗೆ ಹೋಗ್ತಾರೆ, ಪೇಪರಲ್ಲಿ ಬರುತ್ತೆ. ಮಗು ನಾಳೆ ಸ್ಕೂಲಿಗೆ ಹೆಂಗೆ ಹೋಗುತ್ತೆ ಅದನ್ನೂ ಹೇಳಿ. ರಾಮಯ್ಯ ಎದ್ದು ಬರಲ್ಲ. ಇಪ್ಪತ್ತು ವರ್ಷ ನಿಮ್ಮ ಹೊಟ್ಟೆ ಕಟ್ಟಿ ಓದಿಸಿದ ಮಗ ಮಾತ್ರ ಹೋಗ್ತಾನೆ." ಅವರ ದನಿಯಲ್ಲಿ ಅಳುವಿರಲಿಲ್ಲ. ತಟ್ಟೆ ತೊಳೆಯಲು ಹೋದರು.

ಮಂಗಳವಾರ ರವಿಕಿರಣ್ ಬಂದಾಗ ಶಾಂತವೀರಪ್ಪನವರು ಫೈಲನ್ನೂ ಸಿಡಿಯನ್ನೂ ಅವನ ಕಡೆ ಸರಿಸಿ, "ಎಲ್ಲ ನೋಡಿದೆ ರವಿ. ಹಾಕ್ಲೇಬೇಕಿತ್ತು" ಎಂದರು. ರವಿಯ ಮುಖ ನೋಡಲಿಲ್ಲ. ಬಿ.ಪಿ. ಉಪಕರಣದ ರಬ್ಬರು ನಳಿಗೆ ಸುತ್ತುತ್ತಿದ್ದರು. ರವಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಕೈಲಾಸಣ್ಣನ ಮೇಲೆ ಕೆಟ್ಟದಾಗಿ ಯೋಚ್ನೆ ಮಾಡ್ಬಿಟ್ಟೆ ಡಾಕ್ಟ್ರೇ. ಅವ್ರಿಗೆ ಹೇಳ್ಬೇಡಿ ನಾನು ಹಿಂಗ್ ಕೇಳಿದೆ ಅಂತ." ಹೋಗುವಾಗ ಬಗ್ಗಿ ಕಾಲು ಮುಟ್ಟಿದ. ಶಾಂತವೀರಪ್ಪನವರು ಕಾಲು ಹಿಂದಕ್ಕೆ ಎಳೆದುಕೊಳ್ಳಲು ಕೂಡ ಆಗದೆ ಕೂತಿದ್ದರು. ಆ ಸಂಜೆ ಅವರು ನೋಡಿದ ಮೂರು ಮಕ್ಕಳಿಗೆ ಜ್ವರದ ಔಷಧಿಯ ಪ್ರಮಾಣ ಎರಡೆರಡು ಸಲ ಲೆಕ್ಕ ಹಾಕಿ ಬರೆಯಬೇಕಾಯಿತು. ತಲೆ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವರು ಮಗನಿಗೆ ಚೀಟಿ ಬರೆಯುವುದನ್ನು ನಿಲ್ಲಿಸಿದರು. ಎದೆ ನೋವಿನವರು ಬಂದರೆ ಏನಾದರೊಂದು ನೆಪ ಹೇಳಿ ಸರ್ಕಾರಿ ಹೃದ್ರೋಗ ಆಸ್ಪತ್ರೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಕೈಲಾಸ್ ಅದರ ಮಾತೆತ್ತಲಿಲ್ಲ, ಆದರೆ ಭಾನುವಾರದ ತಿಂಡಿಗೆ ಇಳಿದು ಬರುವುದು ಅಪರೂಪವಾಯಿತು.

ಆಷಾಢ ಕಳೆದ ಮೇಲೆ ಒಂದು ದಿನ ಗೌರಮ್ಮ ಮೆಟ್ಟಿಲಿಳಿದು ಬಂದಳು. ಗಂಡ ಹೋದ ಮೇಲೆ ಅವಳು ಕ್ಲಿನಿಕ್ಕಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

"ಎದೆ ಹಿಂಡ್ದಂಗಾಯ್ತದೆ ಡಾಕ್ಟ್ರಪ್ಪ. ಎಡಗೈಯೂ ಸೆಳೀತದೆ. ಕೈಲಾಸಂಗೆ ಒಂದು ಚೀಟಿ ಬರ್ಕೊಡಿ, ರವಿ ಕರ್ಕೊಂಡ್ ಹೋಗ್ತೀನಿ ಅಂದವ್ನೆ."

ಶಾಂತವೀರಪ್ಪನವರು ನಾಡಿ ನೋಡಿದರು, ಇಸಿಜಿ ತೆಗೆದರು. ಪ್ಯಾಡು ಎಳೆದುಕೊಂಡು ಬರೆದರು. ಗೌರಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಚೀಟಿಯನ್ನು ದೂರ ಹಿಡಿದು ಕನ್ನಡದಲ್ಲಿ ಬರೆದಿದ್ದ ವಿಳಾಸವನ್ನು ಅಕ್ಷರ ಕೂಡಿಸಿ ಓದಿದಳು.

"ಇದು ಸರ್ಕಾರಿ ಆಸ್ಪತ್ರೆ. ಕೈಲಾಸ ಊರಾಗಿಲ್ವಾ?"

"ಇದ್ದಾನೆ."

"ಮತ್ತೆ?"

"ಅಲ್ಲಿ ಚೆನ್ನಾಗಿ ನೋಡ್ತಾರೆ ಗೌರಮ್ಮ. ಬೆಳಿಗ್ಗೆ ಬೇಗ ಹೋಗಿ."

ಗೌರಮ್ಮ ಚೀಟಿಯಿಂದ ಕಣ್ಣೆತ್ತಿ ಅವರನ್ನು ನೋಡಿದಳು. ನಲವತ್ತು ವರ್ಷದ ಪರಿಚಯದಲ್ಲಿ ಅವಳು ಅಷ್ಟು ಹೊತ್ತು ಅವರ ಮುಖವನ್ನು ನೇರವಾಗಿ ನೋಡಿದ್ದಿಲ್ಲ. "ಚೆನ್ನಾಗಿ ನೋಡ್ತಾರೆ ಅಂದ್ರೆ ನಮ್ಮೆಜಮಾನ್ರನ್ನ ಯಾಕೆ ಅಲ್ಲಿಗೆ ಕಳಿಸ್ಲಿಲ್ಲ?" ಎಂದಳು. ಕೇಳಿದ ಪ್ರಶ್ನೆ ಕೇಳಿದವಳಿಗೇ ಆಮೇಲೆ ತಟ್ಟಿದ ಹಾಗಿತ್ತು. ಉತ್ತರಕ್ಕೆ ಕಾಯಲಿಲ್ಲ. ಸೆರಗು ಹೊದ್ದು ಎದ್ದು ಹೋದಳು.

ಎರಡು ವಾರದ ಮೇಲೆ, ಕ್ಲಿನಿಕ್ಕಿನಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಮತ್ತೆ ಬಂದಳು. ಈ ಸಲ ಕೂರಲಿಲ್ಲ.

"ಮೊದ್ಲು ಓಡೋ ಮಿಷನ್ ಮೇಲೆ ನಡೆಸಿದ್ರು. ಸ್ಕ್ಯಾನ್ ಮಾಡಿದ್ರು. ಏನೂ ಇಲ್ಲ, ಗ್ಯಾಸು, ಚಿಂತೆ ಬುಡಮ್ಮ ಅಂತ ಕಳ್ಸಿದ್ರು. ನಮ್ಮೆಜಮಾನ್ರನ್ನ ಯಾರೂ ನಡೆಸ್ಲಿಲ್ಲ. ಹೋದ್ ದಿವ್ಸವೇ ಮಲಗ್ಸಿ ತೂತು ಹೊಡೆದ್ರು."

"ಗೌರಮ್ಮ, ನಾನು..."

"ಬ್ಯಾಡಿ. ಹೇಳ್ಬ್ಯಾಡಿ. ನೀವ್ ಬಾಯಲ್ಲಿ ಹೇಳಿದ್ರೆ ನಾನು ರವಿಗೆ ಹೇಳ್ಬೇಕಾಯ್ತದೆ. ಅವ್ನು ಏನಾದ್ರೂ ಮಾಡ್ಕೊಂಡ್ರೆ ನನ್ಗಿರೋನು ಅವನೊಬ್ನೇ." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ಅಂಗಡಿ ಖಾಲಿ ಮಾಡ್ಬುಡಿ. ದಿನಾ ಬೆಳಿಗ್ಗೆ ಎದ್ದು ನಿಮ್ಮ ಬೋರ್ಡು ನೋಡಕ್ಕೆ ನನ್ ಕೈಲಿ ಆಗಲ್ಲ. ವಯಸ್ಸಾಯ್ತು, ಸಾಕು ಅಂತ ಎಲ್ರಿಗೂ ಹೇಳಿ. ನಾನೂ ಹಂಗೇ ಹೇಳ್ತೀನಿ."

ಅವರು ಹಾಗೆಯೇ ಹೇಳಿದರು. ರೋಗಿಗಳು ಬೇಸರಪಟ್ಟರು, ಕೆಲವರು ಅತ್ತರು. ಶಿವಬಸಮ್ಮ, ಒಳ್ಳೇದಾಯ್ತು, ಮನೇಲಿ ಆರಾಮಾಗಿರಿ ಎಂದರು. ಕೈಲಾಸನಿಗೆ ತಂದೆ ಕ್ಲಿನಿಕ್ ಬಿಟ್ಟದ್ದರಿಂದ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತೋ ಏನೋ, ಹಳೆಯ ಸಲಿಗೆ ಮರಳಿ ಬಂತು. ತಂದೆಯ ನಲವತ್ತೊಂದು ವರ್ಷದ ಸೇವೆಗೆ ಒಂದು ಸನ್ಮಾನವಾಗಲೇಬೇಕು ಎಂದು ಹಟ ಹಿಡಿದ. ಜಯನಗರದ ಹೋಟೆಲೊಂದರ ಮೇಲಿನ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ನೂರೈವತ್ತು ಜನಕ್ಕೆ ಊಟ ಇಟ್ಟ. ಶಾಂತವೀರಪ್ಪನವರು ಬೇಡವೆಂದರು. ಯಾಕೆ ಬೇಡ ಎಂದು ಎಲ್ಲರೂ ಕೇಳಿದರು. ಕೊನೆಗೆ ಅವರು ಒಪ್ಪಿಕೊಂಡರು.

ಪೇಟ ತೊಡಿಸಿ, ಶಾಲು ಹೊದಿಸಿ ಕೂರಿಸಿದರು. ಕೈಲಾಸ್ ಮೈಕು ಹಿಡಿದು ಚೆನ್ನಾಗಿ ಮಾತಾಡಿದ. "ನಮ್ಮಪ್ಪಾಜಿ ಒಂದು ದಿನವೂ ತಮಗೋಸ್ಕರ ಬದುಕಲಿಲ್ಲ. ನಾನಿವತ್ತು ಏನಾಗಿದ್ದೀನೋ ಅದೆಲ್ಲ ಅವರು ಮಾಡಿದ್ದು" ಎಂದ. ಆ ಮಾತನ್ನು ಅವನು ನಿಜವಾಗಿಯೂ ನಂಬಿದ್ದ. ಜನ ಚಪ್ಪಾಳೆ ತಟ್ಟಿದರು. ಶಿವಬಸಮ್ಮ ಕಣ್ಣೊರೆಸಿಕೊಂಡರು. ರವಿಕಿರಣ್ ದೊಡ್ಡ ಹಾರ ತಂದಿದ್ದ. "ಅಮ್ಮಂಗೆ ಮಂಡಿ ನೋವು ಡಾಕ್ಟ್ರೇ, ಬರಕ್ಕಾಗ್ಲಿಲ್ಲ" ಎಂದು ಹಾರ ಹಾಕಿದ.

ಊಟದ ಸಾಲಿನಲ್ಲಿ ರವಿ ಕೈಲಾಸನ ಪಕ್ಕ ಕೂತಿದ್ದ. ಶಾಂತವೀರಪ್ಪನವರು ಎದುರಿಗೆ. ಪಾಯಸ ಬಡಿಸುವ ಹೊತ್ತಿಗೆ ರವಿ, "ಅಣ್ಣ, ನಂಗೂ ಈಚೆಗೆ ಮೆಟ್ಟಿಲು ಹತ್ತಿದ್ರೆ ಉಸ್ರು ಕಟ್ಟುತ್ತೆ. ಒಂದಿನ ಬಂದು ತೋರಿಸ್ಲಾ?" ಎಂದ.

"ನಾಳೇನೇ ಬಾ" ಎಂದ ಕೈಲಾಸ್, ಹಪ್ಪಳ ಮುರಿಯುತ್ತಾ. "ಫ್ಯಾಮಿಲಿ ಹಿಸ್ಟರಿ ಬೇರೆ ಇದೆ ನಿಂಗೆ. ಒಂದು ಆಂಜಿಯೋ ಮಾಡಿ ನೋಡಿಬಿಡೋಣ."

ಶಾಂತವೀರಪ್ಪನವರು ಮಗನ ಮುಖ ನೋಡಿದರು. ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ಬಾಲ್ಯದ ಗೆಳೆಯನಿಗೆ ಸಹಾಯ ಮಾಡುತ್ತಿರುವವನ ಮುಖ ಅದು. ಅದನ್ನು ಕಂಡು ಅವರಿಗೆ ಕೈಯಲ್ಲಿದ್ದ ತುತ್ತು ಬಾಯಿಗಿಡಲಾಗಲಿಲ್ಲ.

ರವಿ ಕೈ ತೊಳೆಯಲು ಎದ್ದಾಗ ಅವರೂ ಎದ್ದರು. ಬೇಸಿನ್ನಿನ ಹತ್ತಿರ ಅವನ ಮೊಣಕೈ ಹಿಡಿದು, "ರವಿ, ಅವನ ಹತ್ರ ಹೋಗಬೇಡ" ಎಂದರು.

ರವಿ ನಕ್ಕ. "ಯಾಕ್ ಡಾಕ್ಟ್ರೇ, ನೀವೇ ನೋಡ್ತೀರಾ? ನಿಮ್ಗೆ ರಿಟೈರ್ ಆಯ್ತಲ್ಲ."

"ನಿಮ್ಮಪ್ಪಂಗೆ ಸ್ಟೆಂಟ್ ಬೇಕಿರಲಿಲ್ಲ. ಅವತ್ತು ನಾನು ಹೇಳಿದ್ದು ಸುಳ್ಳು."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ರವಿ ಅದನ್ನು ನಿಲ್ಲಿಸಲಿಲ್ಲ. ಅವನು ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಶಾಂತವೀರಪ್ಪನವರು ಕಾದರು. ಅವನು ಪೇಟ, ಶಾಲು, ತಾನೇ ಹಾಕಿದ್ದ ಹಾರ ಎಲ್ಲವನ್ನೂ ಒಂದು ಸಲ ನೋಡಿದ. "ನಿಮ್ಮ ಕಾಲು ಮುಟ್ಟಿದ್ನಲ್ಲ ಡಾಕ್ಟ್ರೇ" ಎಂದ. ಒದ್ದೆ ಕೈಯಲ್ಲೇ ಮೆಟ್ಟಿಲಿಳಿದು ಹೋದ.

ಆಮೇಲೆ ಆದದ್ದು ಬೇಗ ಮುಗಿಯಿತು. ರವಿಕಿರಣ್ ಆಸ್ಪತ್ರೆಗೆ ದೂರು ಕೊಟ್ಟ. ಆದರೆ ಫೈಲೂ ಸಿಡಿಯೂ ಅವನ ಹತ್ತಿರ ಇರಲಿಲ್ಲ; ಡಾಕ್ಟರು ಎಲ್ಲ ಸರಿಯಿದೆ ಎಂದ ಮೇಲೆ, ಅಪ್ಪನ ಕಾಯಿಲೆಯ ಕಾಗದಗಳು ಮನೆಯಲ್ಲಿ ಬೇಡವೆಂದು ಅವನೇ ಸುಟ್ಟಿದ್ದ. ಆಸ್ಪತ್ರೆಯ ಪ್ರತಿ ಸಿಗಲಿಲ್ಲವಂತೆ. ಒಳಗಿನವರೇ ಮೂವರು ಕೂತು ವಿಚಾರಣೆ ಮಾಡಿದರು. ಶಾಂತವೀರಪ್ಪನವರು ತಾವಾಗಿ ಹೋಗಿ ಹೇಳಿಕೆ ಕೊಟ್ಟರು. "ನೀವು ಹೃದ್ರೋಗ ತಜ್ಞರೇ?" ಎಂದು ಕೇಳಿದರು. ಅಲ್ಲ. "ಸಿಡಿಯನ್ನು ಓದಿದವರು ಯಾರು?" ಅನಂತಪದ್ಮನಾಭರಿಗೆ ಫೋನ್ ಮಾಡಿದರೆ, ಅವರ ಹೆಂಡತಿ ತೆಗೆದುಕೊಂಡು, "ಅವ್ರಿಗೆ ಹುಷಾರಿಲ್ಲ, ಇಂಥದಕ್ಕೆಲ್ಲ ಅವ್ರನ್ನ ಎಳೀಬೇಡಿ" ಎಂದರು. ವೈದ್ಯರ ವಿವೇಚನೆಗೆ ಬಿಟ್ಟ ವಿಷಯ, ತಪ್ಪು ಕಂಡುಬಂದಿಲ್ಲ ಎಂದು ಕಾಗದ ಬಂತು. ಮೂರು ತಿಂಗಳಲ್ಲಿ ಕೈಲಾಸ್ ಇನ್ನೂ ದೊಡ್ಡದೊಂದು ಆಸ್ಪತ್ರೆಗೆ ಹೋದ. ಅಲ್ಲಿ ಅವನು ವಿಭಾಗದ ಮುಖ್ಯಸ್ಥ.

ಗೌರಮ್ಮನ ಹತ್ತಿರ ಕ್ಷಮೆ ಕೇಳಲು ಶಾಂತವೀರಪ್ಪನವರು ಒಮ್ಮೆ ಕತ್ರಿಗುಪ್ಪೆಗೆ ಹೋದರು. ಅವಳು ಮೇಲಿಂದಲೇ ನೋಡಿ, "ನನ್ ಮಗ ನಿದ್ದೆ ಮಾಡ್ತಿಲ್ಲ. ಅವ್ನಿಗೆ ಗೊತ್ತಾಗ್ಬಾರ್ದು ಅಂತ ನಾನು ಎಲ್ಲ ನುಂಗ್ಕೊಂಡಿದ್ದೆ. ಅದನ್ನೂ ನೀವು ಉಳಿಸ್ಲಿಲ್ಲ" ಎಂದು ಒಳಗೆ ಹೋದಳು. ಕೆಳಗಿನ ಮಳಿಗೆಯಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದ.

ಶ್ರೀನಗರದ ಮನೆಯಲ್ಲಿ ಈಗಲೂ ಐದು ಜನ ಇದ್ದಾರೆ. ಮೇಲಿನವರಿಗೆ ಹೊರಗಿನಿಂದಲೇ ಮೆಟ್ಟಿಲು ಕಟ್ಟಿಸಿಕೊಂಡದ್ದರಿಂದ ಯಾರೂ ಕೆಳಗಿನ ಹಜಾರ ದಾಟಬೇಕಿಲ್ಲ. ಮೊಮ್ಮಗಳು ಗೇಟಿನ ಹತ್ತಿರ ಅಜ್ಜನನ್ನು ಕಂಡರೆ ಮೊದಲು ಮೇಲೆ ನೋಡಿ, ಅಮ್ಮ ಇಲ್ಲವೆಂದು ಖಾತ್ರಿಯಾದರೆ ಕೈ ಬೀಸುತ್ತಾಳೆ. ಶಿವಬಸಮ್ಮ ಹೊತ್ತು ಹೊತ್ತಿಗೆ ಬಡಿಸುತ್ತಾರೆ. ಮಾತು ಬೇಕಾದಷ್ಟೇ. ಒಂದು ದಿನ ಮಾತ್ರ, ಸಾರು ಬಡಿಸಿದ ಮೇಲೆ ಸೌಟನ್ನು ಪಾತ್ರೆಯಲ್ಲಿಟ್ಟು ಹೇಳಿದರು:

"ಮೊದಲನೇ ದಿನವೇ ಹೇಳಿದ್ದಿದ್ರೆ ರವಿ ಮನೆಯೋರ ಹತ್ರ ನಿಮ್ಮ ಮಾತಿಗೆ ಬೆಲೆ ಇರ್ತಿತ್ತು. ಕೊನೇ ತನಕ ಸುಮ್ನಿದ್ದಿದ್ರೆ ನಮ್ಮ ಹತ್ರ ಇರ್ತಿತ್ತು."

ಶಾಂತವೀರಪ್ಪನವರು ಅನ್ನ ಕಲಸುತ್ತಿದ್ದರು. ಹೊರಗೆ ಮಗನ ಕಾರು ಹೊರಟ ಸದ್ದಾಯಿತು. ಮಧ್ಯಾಹ್ನ ಮತ್ತೆ ಆಸ್ಪತ್ರೆಗೆ ಹೋಗುವ ಹೊತ್ತು. ಇವತ್ತು ಅಲ್ಲಿ ಆಂಜಿಯೋ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಎಂದುಕೊಂಡರು. ಆಮೇಲೆ ತಟ್ಟೆಯಲ್ಲಿದ್ದುದನ್ನು ಬಿಡದೆ ಊಟ ಮಾಡಿದರು.